ಒದ್ದೆ ತಲೆ, ಬಿಗಿ ಟೋಪಿ

ಕೇಕಿನ ಮೇಲೆ ಏಳನೆಯ ಗುಲಾಬಿಯ ಮೂರನೇ ಎಸಳು ಬಿಡಿಸುವಾಗ ನೆತ್ತಿಯ ಹಿಂದೆ ತುರಿಕೆ ಶುರುವಾಯಿತು. ಎರಡೂ ಕೈಯಲ್ಲಿ ಕ್ರೀಮಿನ ಚೀಲ. ಬಿಟ್ಟರೆ ಎಸಳು ಕೆಡುತ್ತದೆ. ಅವಳು ಹಲ್ಲು ಕಚ್ಚಿ, ಕತ್ತು ಓರೆ ಮಾಡಿ, ಭುಜಕ್ಕೆ ತಲೆ ಉಜ್ಜಿಕೊಂಡಳು.

“ಅದೇನೇ ಕೇಕಿನ ಮುಂದೆ ವಯ್ಯಾರ?” ಎಂದಳು ಪಕ್ಕದ ಮೇಜಿನಲ್ಲಿ ಹಿಟ್ಟು ನಾದುತ್ತಿದ್ದ ಬನ್ನಕ್ಕ. ಇಪ್ಪತ್ತು ವರ್ಷ ಬನ್ ಮಾಡಿ ಮಾಡಿ ಆ ಹೆಸರೂ ಆಕಾರವೂ ಅವಳಿಗೆ ಅಂಟಿಕೊಂಡಿದ್ದವು. “ಮತ್ತೆ ಬಂತಾ ಹುಣ್ಣು?”

“ಹೋಗಿದ್ದು ಯಾವಾಗ ಅಕ್ಕ?”

ಎಂಟು ತಿಂಗಳಿಂದ ಇದೇ ಪಾಡು. ಕೆಲಸದ ಟೋಪಿಯ ಎಲಾಸ್ಟಿಕ್ ಕೂರುವಲ್ಲೇ ಕೀವುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಹಕ್ಕಳೆ ಕಟ್ಟುತ್ತದೆ. ಇನ್ನೇನು ವಾಸಿಯಾಯಿತು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಮಗಳು ಶಾಂಪೂ ಸರಿಯಿಲ್ಲ ಅಂದಳು. ಅತ್ತೆ, “ಆ ಓವನ್ನಿನ ಝಳ ನಿನಗೆ ಆಗಿಬರಲ್ಲ. ಬೇಕರಿಗೆ ಹೋದಮೇಲೆ ತಾನೇ ಇದೆಲ್ಲ?” ಅಂದರು. ಗಂಡ ಪೇಪರಿನ ಹಿಂದಿನಿಂದಲೇ, “ಹೌದಲ್ಲ, ಬಿಟ್ಟುಬಿಡು” ಅಂದ, ಚಪ್ಪಲಿ ಬಾಗಿಲಲ್ಲಿ ಬಿಟ್ಟುಬಿಡು ಅನ್ನುವ ಹಾಗೆ.

ನಲವತ್ತನಾಲ್ಕನೇ ವಯಸ್ಸಿಗೆ ಸಿಕ್ಕ ಕೆಲಸ. ಅವಳ ಗುಲಾಬಿಗಳೇ ಬೇಕೆಂದು ಹೇಳಿಹೋಗುವ ಗಿರಾಕಿಗಳಿದ್ದರು. ಮನೆಯಲ್ಲಿ ಮಾಡಿದ್ದೆಲ್ಲ ಊಟದ ಹೊತ್ತಿಗೆ ಮಾಯವಾಗುತ್ತಿತ್ತು. ಇಲ್ಲಿಯೂ ಮಾಯವಾಗುತ್ತಿತ್ತು, ಆದರೆ ಮೊದಲು ಜನ ನಿಂತು ನೋಡುತ್ತಿದ್ದರು. ಚರ್ಮದ ಡಾಕ್ಟರೂ ‘ಕೆಲಸ ಬಿಡಿ’ ಅಂದುಬಿಟ್ಟರೆ? ಆ ಹೆದರಿಕೆಗೇ ಇಷ್ಟು ದಿನ ಬೀದಿ ಕೊನೆಯ ಡಾಕ್ಟರ ಮಾತ್ರೆಯಲ್ಲೇ ದಿನ ದೂಡಿದ್ದಳು.

ಅವತ್ತು ಮಧ್ಯಾಹ್ನ ಕೆಲಸ ಮುಗಿಯುತ್ತಲೇ ಬನ್ನಕ್ಕ ಅವಳ ರಟ್ಟೆ ಹಿಡಿದು ಚರ್ಮದ ಡಾಕ್ಟರ ಬಾಗಿಲವರೆಗೂ ಎಳೆದುಕೊಂಡು ಹೋದಳು. “ಒಳಗೆ ಹೋಗು. ಓಡಿಹೋಗದ ಹಾಗೆ ನಾನಿಲ್ಲೇ ಕಾವಲು ಕೂತಿರ್ತೀನಿ.”

ಡಾಕ್ಟರಮ್ಮನಿಗೆ ಹೆಚ್ಚೆಂದರೆ ಮೂವತ್ತು. ಭೂತಗನ್ನಡಿ ಹಿಡಿದು ಕೂದಲು ಬಿಡಿಸಿ ಬಿಡಿಸಿ ನೋಡಿದಳು. ಸಕ್ಕರೆ ಕಾಯಿಲೆಯಿದ್ದರೂ ಹೀಗೆ ಮರುಕಳಿಸುತ್ತದೆಂದು ಬೆರಳು ಚುಚ್ಚಿ ರಕ್ತ ನೋಡಿದಳು. ಸರಿಯಾಗಿಯೇ ಇತ್ತು.

“ದಿನವಿಡೀ ಸಕ್ಕರೆಯಲ್ಲೇ ಕೈ ಇಟ್ಟಿರ್ತೀನಿ, ಅದು ಒಳಗೆ ಹೋಗಿಲ್ಲ ಅನ್ನಿ,” ಎಂದಳು ಅವಳು.

“ಕೂದಲಿನ ಬುಡದಲ್ಲಿ ಸೋಂಕು. ಮಾತ್ರೆ ತಗೊಂಡಿದ್ರಾ?”

“ನಾಲ್ಕು ಸಲ. ಮೂರೇ ದಿನಕ್ಕೆ ಒಣಗಿಬಿಡುತ್ತೆ. ಉಳಿದ ಮಾತ್ರೆ ಗುಂಡಿ ಡಬ್ಬೀಲಿ ಹಾಕಿಡ್ತೀನಿ, ಮುಂದಿನ ಸಲಕ್ಕೆ ಆಗುತ್ತಲ್ಲ ಅಂತ.”

“ಹುಣ್ಣನ್ನೂ ಚೆನ್ನಾಗೇ ಉಳಿಸ್ಕೊಂಡು ಬಂದಿದ್ದೀರಿ ಬಿಡಿ! ಬರೆದುಕೊಟ್ಟಷ್ಟೂ ದಿನ ನುಂಗಬೇಕಮ್ಮ. ಹಕ್ಕಳೆ ಕೀಳ್ತೀರಾ?”

ಅವಳು ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟಳು. ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತಿತ್ತು. ಅದೂ ಒಂದು ಸುಖವೇ ಎಂದು ಯಾರಿಗೆ ಹೇಳುವುದು?

“ಸರಿ, ಉತ್ತರ ಸಿಕ್ತು. ಎಲ್ಲಿ, ಕೈಯಲ್ಲಿರೋ ಆ ಟೋಪಿ ಕೊಡಿ.” ಟೋಪಿ ಹಿಡಿದವಳೇ ಡಾಕ್ಟರಮ್ಮ ಹುಬ್ಬೇರಿಸಿದಳು. “ಇದೇನು, ಒದ್ದೆ?”

“ದಿನಾ ಬೆಳಗಿನ ಜಾವ ನಾಲ್ಕೂವರೆಗೆ ತಲೆಗೆ ನೀರು. ಐದೂಕಾಲಿಗೆ ಬಸ್ಸು. ಹಾಗೇ ಗಂಟು ಕಟ್ಟಿ ಟೋಪಿ ಹಾಕ್ಕೋತೀನಿ. ಓವನ್ ಪಕ್ಕದಲ್ಲಿ ತಾನಾಗೇ ಒಣಗುತ್ತೆ ಅಂತ...”

“ಒಣಗಲ್ಲ, ಬೇಯುತ್ತೆ. ನೀವು ನಿಮ್ಮ ತಲೇಲೇ ದಿನಾ ಹಿಟ್ಟು ಹುದುಗು ಬರೋಕೆ ಇಟ್ಟ ಹಾಗೆ.”

ಅವಳು ಕೊನೆಗೂ ಕೇಳಿಯೇಬಿಟ್ಟಳು. “ಹಾಗಾದ್ರೆ ಕೆಲಸ ಬಿಡಬೇಕಾ?”

“ಯಾಕೆ? ಒದ್ದೆ ತಲೆ ಬಿಡಿ, ಸಾಕು. ಟೋಪಿ ಸ್ವಲ್ಪ ಸಡಿಲ ಇರಲಿ, ನಿಮ್ಮದೇ ಇರಲಿ, ದಿನಾ ಬಿಸಿನೀರಲ್ಲಿ ಒಗೆದು ಒಣಗಿಸಿ. ಬಾಚಣಿಗೆ ಯಾರಿಗೂ ಕೊಡಬೇಡಿ. ಈ ಔಷಧಿ ಶಾಂಪೂ ಹಾಕಿ. ತಲೆಸ್ನಾನ ಮಾತ್ರ ಕೆಲಸದಿಂದ ಬಂದಮೇಲೆ. ಪೂರ್ತಿ ಒಣಗಿದ ಮೇಲೇ ಕಟ್ಟಬೇಕು. ಇಷ್ಟಕ್ಕೂ ಮತ್ತೆ ಬಂದ್ರೆ ಕೀವು ತೆಗೆದು ಪರೀಕ್ಷೆಗೆ ಕಳಿಸೋಣ. ಇಷ್ಟು ಕೂದಲು ಒಣಗೋಕೆ ಎಷ್ಟು ಹೊತ್ತು ಬೇಕು?”

“ಬಿಸಿಲಿಗೆ ಸುಮ್ಮನೆ ಕೂತ್ರೆ ಒಂದು ಗಂಟೆ.”

“ಕೂತ್ಕೊಳ್ಳಿ ಮತ್ತೆ.”

“ಸುಮ್ಮನೆ ಕೂರೋಕೆ ಏನಾದ್ರೂ ಮಾತ್ರೆ ಇದ್ರೆ ಅದನ್ನೂ ಬರೆದುಬಿಡಿ ಡಾಕ್ಟ್ರೇ,” ಎಂದಳು. ಇಬ್ಬರೂ ನಕ್ಕರು. ಆ ನಗು ಕೇಳಿ ಬನ್ನಕ್ಕ ಬಾಗಿಲಲ್ಲಿ ತಲೆ ತೂರಿಸಿದಳು. “ಏನಂತೆ?”

“ಕೆಲಸ ಬಿಡಬೇಕಾಗಿಲ್ಲ ಅಕ್ಕ!”

ಬನ್ನಕ್ಕ ಡಾಕ್ಟರಮ್ಮನಿಗೆ ಕೈಮುಗಿದಳು. “ಪುಣ್ಯ ಬರಲಿ ನಿಮಗೆ. ಇವಳಿಲ್ಲದಿದ್ರೆ ಆ ಗುಲಾಬಿ ನನ್ನ ತಲೆಗೆ ಬರ್ತಿತ್ತು. ನಾನು ಹಾಕಿದ್ರೆ ಎಲೆಕೋಸು ಆಗುತ್ತೆ.”

ಮನೆಗೆ ಬಂದಾಗ ಅತ್ತೆ ಹೊಸಿಲಲ್ಲೇ ಕೇಳಿದರು. “ಏನಂದ್ರು? ಬಿಡು ಅಂದ್ರು ತಾನೇ?”

“ಇಲ್ಲ ಅತ್ತೆ. ತಲೆ ಚೆನ್ನಾಗಿ ಒಣಗಿಸ್ಕೊಳ್ಳಿ ಅಂದ್ರು, ಅಷ್ಟೇ.”

“ಇಷ್ಟು ಹೇಳೋಕೆ ಡಾಕ್ಟರ್ ಬೇಕಾ? ಸರಿ, ನಾಲ್ಕಾಗ್ತಾ ಬಂತು, ಕಾಫಿ ಇಡು. ಬಟ್ಟೆ ಬೇರೆ ತಂತಿ ಮೇಲೇ ಇದೆ.”

ಅವಳು ಕಾಫಿ ಇಟ್ಟಳು. ನೀರು ಕುದಿಯುವವರೆಗೆ ಕಿಟಕಿಯಾಚೆ ನೋಡಿದಳು. ಹಿಂದಿನ ಮೆಟ್ಟಿಲ ಮೇಲೆ, ತಂತಿಯ ಬಟ್ಟೆಗಳ ಆಚೆಗೆ, ಒಬ್ಬರು ಕೂರುವಷ್ಟು ಬಿಸಿಲು ಬಿದ್ದಿತ್ತು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಕೈಯಲ್ಲಿ ಏನೂ ಇಲ್ಲದೆ ಒಂದು ಸಲವೂ ಅಲ್ಲಿ ಕೂತ ನೆನಪಿಲ್ಲ. ನಾಲ್ಕು ಗಂಟೆಯ ಕಾಫಿಯನ್ನು ಅತ್ತೆಯೂ ಮಾಡಬಲ್ಲರು. ಮಗಳಿಗೂ ಎರಡು ಕೈಗಳಿವೆ. ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ.

ನಾಳೆಯಿಂದ ನಾಲ್ಕರಿಂದ ಐದು ತನಗೆ, ಎಂದುಕೊಂಡಳು. ಹುಣ್ಣು ವಾಸಿಯಾದ ಮೇಲೂ.

“ಒಬ್ಬಳೇ ಏನು ನಗ್ತಿದ್ದೀಯ?” ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಕೇಳಿದರು.

“ಏನಿಲ್ಲ ಅತ್ತೆ,” ಎನ್ನುತ್ತ ಅವಳು ಕಾಫಿಗೆ ಹಾಲು ಬೆರೆಸಿದಳು.