ಡ್ರಮ್ಮಿನೊಳಗಿನ ಸದ್ದು

"ನನಗೆ ಅಂತ ಒಂದು ಕೋಡ್ ಇಟ್ಬಿಡಮ್ಮ. ಅದು ಒತ್ತಿದ್ರೆ ಯಾವ ತಡೆನೂ ಇಲ್ದೆ ಮಿಷನ್ ತಿರುಗಬೇಕು. ಅವಸರದ ಹೊತ್ತಿಗೆ ಬೇಕಾಗತ್ತೆ" ಎಂದ ಮ್ಯಾನೇಜರ್.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊಸ ಯಂತ್ರ ನಿಂತಿತ್ತು, ಆಳು ಹೊಕ್ಕು ಕೂರುವಷ್ಟು ದೊಡ್ಡ ಡ್ರಮ್ಮು. ಅದನ್ನು ಉಜ್ಜಲು ಒಳಗಿಳಿಯುವವರು ಮೊದಲು ಬೆರಳಿನ ಗುರುತು ಕೊಡಬೇಕು. ಹೊರಬಂದು ಅದೇ ಬೆರಳು ಕೊಡುವ ತನಕ ಯಂತ್ರ ತಿರುಗಕೂಡದು ಎಂದು ಈಚೆಗೆ ಕಾನೂನಾಗಿತ್ತು. ಆ ಕಾನೂನನ್ನು ಯಂತ್ರದ ಸಾಫ್ಟ್‌ವೇರಿನಲ್ಲಿ ಕೂರಿಸಿದವಳು ಎದುರಿಗೆ ನಿಂತ ಹುಡುಗಿ.

"ಕೋಡ್ ಇಟ್ರೆ ಕಾನೂನು ಇದ್ದೂ ಇಲ್ಲದ ಹಾಗೆ, ಸರ್."

"ನಾನೇನು ಆಟಕ್ಕೆ ಒತ್ತುತೀನಾ? ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆ ಕಂಪನಿಯವರನ್ನ ಕರೀತೀನಿ."

ಪಕ್ಕದಲ್ಲಿ ಹಾಸುಬಟ್ಟೆ ಮಡಿಸುತ್ತಿದ್ದ ಚಿಕ್ಕಮ್ಮ ತಲೆ ಎತ್ತಲಿಲ್ಲ. ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿದವಳು ಅವಳೇ. ಹಿಂದೆ ಹಳೆಯ ಡ್ರಮ್ಮಿನೊಳಗೆ ಆ ತಾಯಿ ಕೂತು ಉಜ್ಜುತ್ತಿದ್ದಾಗ, ಅಕ್ಕ ಆಗಲೇ ಹೊರಬಂದಳೆಂದುಕೊಂಡು ಗುಂಡಿ ಒತ್ತಿದವಳೂ ಅವಳೇ. ಅಂದಿನಿಂದ ಗುಂಡಿ ಮುಟ್ಟುವ ಮುಂಚೆ ಡ್ರಮ್ಮು ತಟ್ಟಿ, ಕಿವಿಯಿಟ್ಟು ಆಲಿಸುತ್ತಾಳೆ. ಮನೆಯಲ್ಲಿ ಖಾಲಿ ಬಚ್ಚಲಿನ ಬಾಗಿಲನ್ನೂ ತಟ್ಟುತ್ತಾಳೆ. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿದವರಲ್ಲ.

ಹುಡುಗಿ ಚಪ್ಪಲಿ ಬಿಟ್ಟು, ಬೆರಳು ಕೊಟ್ಟು, ಡ್ರಮ್ಮಿನೊಳಗೆ ಹೊಕ್ಕು ಮಂಡಿ ಮಡಚಿ ಕೂತಳು.

"ಕೋಡ್ ಇಟ್ಟಿದೀನಿ ಅಂದ್ಕೊಳ್ಳಿ, ಸರ್. ಬಾಗಿಲು ಹಾಕಿ ಒತ್ತಿ."

"ಬಟ್ಟೆ ಸಾಲ್ದು ಅಂತ ಇಂಜಿನಿಯರನ್ನೂ ಒಗೀಬೇಕಾ?" ಮ್ಯಾನೇಜರ್ ನಕ್ಕ. ಕೈ ಮಾತ್ರ ಜೇಬಿನಿಂದ ಈಚೆ ಬರಲಿಲ್ಲ.

"ಚಿಕ್ಕಮ್ಮಾ, ಹಾಗಾದ್ರೆ ನೀನು ಬಾ."

"ನನ್ ಕೈಲಾಗಲ್ಲ ಕಣೇ. ಈಚೆ ಬಾ, ನಿನ್ನ ಕಾಲಿಗೆ ಬೀಳ್ತೀನಿ."

"ತಿರುಗಲ್ಲ ಚಿಕ್ಕಮ್ಮ. ನಾನೇ ಮಾಡಿದ್ದು. ಒಂದೇ ಸಲ."

ಚಿಕ್ಕಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿಟ್ಟೇ ಬಂದಳು. ಬಾಗಿಲು ಹಾಕಿದಳು. ಗೆಣ್ಣಿನಿಂದ ಡ್ರಮ್ಮು ತಟ್ಟಿ ಕಿವಿಯಿಟ್ಟಳು. ಇಷ್ಟು ವರ್ಷ ಹೀಗೆ ಕಿವಿಯಿಟ್ಟಾಗ ಕೇಳಿಸಿದ್ದು ತಗಡಿನ ಮೌನವೊಂದೇ. ಈಗ ಒಳಗಿನಿಂದ ಮೆಲ್ಲಗೆ ತಟ್ಟಿದ ಸದ್ದು ಬಂತು.

"ಅಕ್ಕಾ" ಎಂದಳು ಚಿಕ್ಕಮ್ಮ.

ಆಮೇಲೆ ಒತ್ತಿದಳು.

ಕೆಂಪು ದೀಪ ಹೊತ್ತಿತು. ಡ್ರಮ್ಮು ಅಲುಗಲಿಲ್ಲ.

ಮ್ಯಾನೇಜರೇ ಓಡಿಬಂದು ಬಾಗಿಲು ತೆಗೆದ. ಕೋಡಿನ ಮಾತನ್ನು ಮತ್ತೆ ಎತ್ತಲಿಲ್ಲ. ಹುಡುಗಿ ಹೊರಬಂದು ಚಪ್ಪಲಿ ಮೆಟ್ಟಿಕೊಂಡಳು. ಚಿಕ್ಕಮ್ಮನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು, ಉಗುರು ಬೆಳ್ಳಗಾಗುವಷ್ಟು ಒತ್ತಿಕೊಂಡು.