ಚೇತನಾಳ ಬೆಚ್ಚನೆಯ ಗಾಡಿ

ಚೇತನಾ ಅಮೆರಿಕದ ಆನ್ ಆರ್ಬರ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಬಾಡಿಗೆ ಮನೆಯ ಗೊಡವೆಯೇ ಬೇಡವೆಂದು ಹಳೆಯ ಆರ್‌ವಿಯೊಂದನ್ನು, ಅಂದರೆ ಒಳಗೇ ಮನೆಯಿರುವ ಗಾಡಿಯನ್ನು, ಕೊಂಡು ಅದರಲ್ಲೇ ಸಂಸಾರ ಹೂಡಿದ್ದಳು. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇಪ್ಪತ್ನಾಲ್ಕು ಅಡಿಯೊಳಗೆ. ಹತ್ತಿರದ ನಾರ್ತ್‌ವಿಲ್‌ನ ಶೇಷಗಿರಿ ಅಂಕಲ್ ತಮ್ಮ ಮನೆಯ ಪಕ್ಕ ಅದನ್ನು ನಿಲ್ಲಿಸಿಕೊಳ್ಳಲು ಜಾಗ ಕೊಟ್ಟಿದ್ದರು. ಅಣಕಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನವೆಂಬರ್‌ನಲ್ಲಿ ಅವಳು ಕಿಟಕಿಗಳಿಗೆಲ್ಲ ಬಬಲ್ ರ‍್ಯಾಪ್ ಅಂಟಿಸಿ, ತಣ್ಣನೆಯ ಗಾಳಿ ನುಗ್ಗದಂತೆ ಗಾಡಿಯ ಬುಡದ ಸುತ್ತ ಫೋಮ್ ಹಲಗೆ ನಿಲ್ಲಿಸುತ್ತಿದ್ದಾಗ ಅಂಕಲ್ ನಕ್ಕಿದ್ದರು.

"ಏನಮ್ಮಾ, ತಗಡಿನ ಡಬ್ಬಕ್ಕೆ ಸ್ವೆಟರ್ ಹಾಕ್ತಿದೀಯಾ? ಜನವರಿಲಿ ನಡುಗ್ತಾ ನಮ್ಮನೆಗೇ ಓಡಿ ಬರ್ತೀಯ, ನೋಡು."

ಚೇತನಾಳೂ ನಕ್ಕಿದ್ದಳು. ಆದರೆ ಡಬ್ಬ ಎಂಬ ಮಾತು ಚುಚ್ಚಿತ್ತು.

ಜನವರಿಯ ಒಂದು ಶನಿವಾರ ಮಂಜಿನ ಮಳೆಗೆ ಕೊಂಬೆಗಳು ಮುರಿದು ಬಿದ್ದು, ಊರಿನ ಅರ್ಧಕ್ಕೆ ಕರೆಂಟ್ ಹೋಯಿತು. ವಿಚಾರಿಸೋಣವೆಂದು ಚೇತನಾ ಅಂಕಲ್ ಮನೆಗೆ ಹೋದಳು. ಅವರ ಹೆಂಡತಿ ಲತಾಶ್ರೀ ಆಫೀಸಿನ ಕೆಲಸಕ್ಕೆ ಷಿಕಾಗೋಗೆ ಹೋಗಿದ್ದರು. ಕರೆಂಟಿಲ್ಲದೆ ಹೀಟರ್ ನಿಂತು ಒಳಗೆ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಒಂಬತ್ತು ಸೆಲ್ಸಿಯಸ್. ಹುಬ್ಬಳ್ಳಿಯಿಂದ ಬಂದಿದ್ದ ಅಂಕಲ್‌ರ ಅತ್ತೆ ರುದ್ರಮ್ಮ ಎರಡು ಶಾಲು ಹೊದ್ದು ಸೋಫಾದಲ್ಲಿ ಮುದುಡಿದ್ದರು. ಅಂಕಲ್ ಇದ್ದಿಲಿನ ಗ್ರಿಲ್ಲನ್ನು ಹಾಲ್‌ಗೆ ಎಳೆದು ತಂದು ಕಡ್ಡಿ ಗೀರುವುದರಲ್ಲಿದ್ದರು.

"ಅಂಕಲ್, ಹಚ್ಚಬೇಡಿ!" ಚೇತನಾ ಕಿರುಚಿಯೇಬಿಟ್ಟಳು.

"ಕಿಟಕಿ ಒಂಚೂರು ತೆಗೆದಿಡ್ತೀನಲ್ಲಮ್ಮಾ."

"ಸಾಲಲ್ಲ. ಇದ್ದಿಲಿನಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ತಲೆ ಸುತ್ತಿ ಮಲಗಿದೋರು ಏಳೋದೇ ಇಲ್ಲ. ಅಂಥೋರನ್ನ ನಾನೇ ನೋಡಿದೀನಿ." ಅವಳು ಕಡ್ಡಿಪೆಟ್ಟಿಗೆ ಕಿತ್ತುಕೊಂಡಳು. "ನಡೀರಿ, ಇಬ್ಬರೂ ನನ್ನ ಜೊತೆ ಬನ್ನಿ."

ಮಂಜುಗಡ್ಡೆಯ ಮೇಲೆ ಉಪ್ಪು ಚೆಲ್ಲಿ, ಅಜ್ಜಿಯ ಎರಡೂ ಕೈ ಹಿಡಿದು ಗಾಡಿ ಹತ್ತಿಸಿದರು. ಒಳಗೆ ಅರವತ್ತೆರಡು ಡಿಗ್ರಿ, ಅಂದರೆ ಸುಮಾರು ಹದಿನೇಳು ಸೆಲ್ಸಿಯಸ್. ಪ್ರೊಪೇನ್ ಗ್ಯಾಸಿನ ಹೀಟರ್‌ನ ಹೊಗೆಗೆ ಹೊರಗೆ ಹೋಗಲು ಅದರದೇ ಕೊಳವೆಯಿತ್ತು, ಫ್ಯಾನಿಗೆ ಬ್ಯಾಟರಿ. ಗ್ಯಾಸೂ ಬ್ಯಾಟರಿಯೂ ಬಾಳಲಿ ಎಂದು ಅವಳು ಅದಕ್ಕಿಂತ ಹೆಚ್ಚಿಸುತ್ತಿರಲಿಲ್ಲ. ಹಾಸಿಗೆಯ ಪಕ್ಕ ವಿಷಗಾಳಿಯ ಅಲಾರಂ.

ರುದ್ರಮ್ಮ ಶಾಲು ತೆಗೆದು ಸುತ್ತಲೂ ನೋಡಿದರು. "ಅಯ್ಯ, ಎಷ್ಟ್ ಬೆಚ್ಚಗ ಐತಿ ತಂಗಿ ನಿನ್ನ ಮನಿ!"

ಮನಿ! ಚೇತನಾಳ ಕಣ್ಣು ತುಂಬಿ ಬಂತು. ಚಹಾಕ್ಕೆ ನೀರಿಡುವ ನೆಪದಲ್ಲಿ ಮುಖ ತಿರುಗಿಸಿದಳು.

ಚಹಾ ಮುಗಿಯುತ್ತಲೇ ರುದ್ರಮ್ಮನಿಗೆ ಹುರುಪು ಬಂತು. ಅಳಿಯನನ್ನು ಓಡಿಸಿ ಜೋಳದ ಹಿಟ್ಟು ತರಿಸಿದರು. ಒಲೆ ಹಚ್ಚುವ ಮೊದಲು ಚೇತನಾ ಛಾವಣಿಯ ಕಿಂಡಿ ತೆರೆದಳು.

"ಬಿಸಿಯೆಲ್ಲ ಹೊರಗೆ ಹೋಗಲ್ವೇನಮ್ಮಾ?"

"ಉರಿ ಇದ್ದಾಗ ಗಾಳಿ ಆಡ್ಬೇಕು ಅಂಕಲ್. ಒಲೆ ಇರೋದು ಅಡುಗೆಗೆ, ಮೈ ಕಾಯಿಸೋಕಲ್ಲ."

ಪುಟ್ಟ ಗಾಡಿಯಲ್ಲಿ ಪಟಪಟನೆ ರೊಟ್ಟಿ ಬಡಿಯುವ ಸದ್ದು ತುಂಬಿತು. ಐದನೆಯ ರೊಟ್ಟಿಗೆ ಚಟ್ನಿಪುಡಿ ಹಚ್ಚುತ್ತ ಅಂಕಲ್ ಹೇಳಿದರು: "ತಪ್ಪಾಯ್ತು ಕಣಮ್ಮಾ. ಅಷ್ಟು ದೊಡ್ಡ ಮನೇಲಿ ನಡುಗ್ತಾ ಕೂತಿದ್ದೋನು ನಾನು."

ಮಧ್ಯಾಹ್ನ ಮೂರಕ್ಕೆ ಕರೆಂಟ್ ಬಂತು. ಅಂಕಲ್ ಬೂಟು ಮೆಟ್ಟಿದರು. ರುದ್ರಮ್ಮ ಮಿಸುಕಲಿಲ್ಲ.

"ನೀವು ಹೋಗ್ರಿ, ನಾ ಇವತ್ತ ಇಲ್ಲೇ ಇರಾಕಿ. ತಂಗಿ, ಈ ಮನಿ ಓಡತೈತಂತಲ್ಲ? ಹೆಪ್ಪುಗಟ್ಟಿದ ಕೆರಿ ತೋರಿಸ್ತೀ ಏನ?"

ಸೋಮವಾರ ರಸ್ತೆ ಒಣಗಿತ್ತು. ಬುಡದ ಹಲಗೆಗಳನ್ನು ಅಂಕಲ್ಲೇ ಬಗ್ಗಿ ಬಿಚ್ಚಿಕೊಟ್ಟರು. ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತ ರುದ್ರಮ್ಮ, ಗಾಡಿ ಬೀದಿಗಿಳಿಯುತ್ತಲೇ ಕಂಡ ಕಂಡವರಿಗೆಲ್ಲ ಕೈ ಬೀಸತೊಡಗಿದರು.