ಏಳನೇ ಅಟ್ಟದ ಕಾಯಿ

ಗೋಡೆಯ ಮೇಲೆ ಮತ್ತೆ ಅದೇ ಹಸಿರು ತೆಂಗಿನಮರ, ಸದಾಶಿವಯ್ಯನವರ ಕೊಬ್ಬರಿ ಕಂಪನಿಯ ಗುರುತು, ಪ್ರೊಜೆಕ್ಟರಿನ ಬೆಳಕಿನಲ್ಲಿ ಎಡಕ್ಕೆ ಒಂದು ಕೂದಲೆಳೆ ವಾಲಿದೆಯೋ ಏನೋ, ವಾಲಿದರೆ ವಾಲಲಿ, ಒಂಬತ್ತು ವಾರದಲ್ಲಿ ಒಂಬತ್ತು ಸಲ ಸರಿಸಿದ್ದಾಳೆ ಜೀವಿತಾ ಅದನ್ನು — ಸ್ವಲ್ಪ ಬಲಕ್ಕೆ, ಅಯ್ಯೋ ಜಾಸ್ತಿಯಾಯ್ತು, ಈಗ ಎಡಕ್ಕೆ, ಡೀಟೇಲ್ಸ್ ನೋಡೋದು ಕಲೀಬೇಕು ಜೀವಿತಾ ನೀವು — ರಂಗನಾಥ್ ಸರ್‌ಗೆ ಬೇರೆ ಮಾತೇ ಬರುವುದಿಲ್ಲವೇನೋ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಇಂಟರ್ನ್ ಅಂದಾಗ ಬಿಳಿಗೆರೆಯಲ್ಲಿ ಅರ್ಧ ಊರು ಇವಳು ಕ್ಯಾಷ್ ಕೌಂಟರಿನಲ್ಲಿ ಕೂರುತ್ತಾಳೆ ಅಂದುಕೊಂಡಿತು, ಇನ್ನರ್ಧ ಊರು ನಂಗೊಂದು ಲೋನ್ ಮಾಡ್ಸಿಕೊಡವ್ವ ಅಂತ ಬಂತು, ಯಾರಿಗೆ ಅಂತ ಬಿಡಿಸಿ ಹೇಳುವುದು, ಇದು ದುಡ್ಡು ಇಡುವ ಬ್ಯಾಂಕಲ್ಲ, ಕಂಪನಿಯವರಿಗೂ ಕೊಳ್ಳುವವರಿಗೂ ನಡುವೆ ನಿಂತು ಮದುವೆ ಮಾಡಿಸುವ ಬ್ಯಾಂಕು, ಅಲ್ಲಿ ಹತ್ತು ವಾರದ ಇಂಟರ್ನ್ ಅಂದರೆ ಸ್ಲೈಡಿನ ಮೇಲೆ ಮರ ಸರಿಸುವವಳು, ಆರು ಜನ ಸರಿಸುವವರಲ್ಲಿ ಇಬ್ಬರಿಗೆ ಕಾಯಂ ಕೆಲಸ, ಆ ಇಬ್ಬರು ಯಾರು ಅನ್ನುವುದು ಸೋಮವಾರ ಗೊತ್ತಾಗುತ್ತದೆ, ಗೊತ್ತು ಮಾಡುವವರು ಇದೇ ರಂಗನಾಥ್ ಸರ್. ಇವತ್ತು ಶುಕ್ರವಾರ. ಇವತ್ತು ಕಂಪನಿಯನ್ನು ಕೊಳ್ಳುವ ಮೇಡಂ ಮುಂಬೈಯಿಂದ ತಿಪಟೂರಿಗೇ ಬಂದು ಕೂತಿದ್ದಾರೆ, ಸದಾಶಿವಯ್ಯನವರ ಗೋಡೌನಿನ ಮೇಲಿನ ಈ ಕೋಣೆಯಲ್ಲಿ, ನಾರಿನ ವಾಸನೆಗೆ ಮೂಗು ಮುಚ್ಚದೆ, ಒಳ್ಳೆಯ ಹೆಂಗಸಿನ ಹಾಗೇ ಕಾಣುತ್ತಾರೆ. ಅವರ ಮುಂದೆ ಸ್ಟೀಲ್ ತಟ್ಟೆಯಲ್ಲಿ ಜುಟ್ಟು ಬಿಟ್ಟು ಸುಲಿದ ಐದು ಕಾಯಿ, ಏಳನೇ ಅಟ್ಟದ್ದು, ಒಣಗಲು ಏರಿಸಿ ಹನ್ನೊಂದು ತಿಂಗಳಾಗಿದೆಯಂತೆ. ಕಾಲು ಗಂಟೆಯ ಹಿಂದೆ ಆ ತಟ್ಟೆಯನ್ನು ಜೋಡಿಸುವಾಗ ಒಂದು ಕಾಯಿಯ ಜುಟ್ಟು ಹಿಂದಕ್ಕೆ ತಿರುಗಿತ್ತು, ಡೀಟೇಲ್ಸ್, ಮುಂದಕ್ಕೆ ತಿರುಗಿಸೋಣ ಅಂತ ಎತ್ತಿದಳು, ಕೈಯಲ್ಲಿ ಅದು ಗುಳುಕ್ ಅಂತು.

ಗುಳುಕ್ ಅನ್ನಬಾರದು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತ ಕಾಯಿ ಲೊಡಕ್ ಅನ್ನಬೇಕು, ನೀರೆಲ್ಲ ಇಂಗಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳಬೇಕು, ಇದನ್ನು ಬಿಳಿಗೆರೆಯಲ್ಲಿ ಮೂರು ವರ್ಷದ ಮಗುವೂ ಹೇಳುತ್ತದೆ, ಅವಳೂ ಮೂರು ವರ್ಷಕ್ಕೇ ಹೇಳುತ್ತಿದ್ದಳು, ಶಿವರುದ್ರಮ್ಮಜ್ಜಿ ಒಂದೊಂದೇ ಕಾಯಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಆಯ್ತೇನೇ, ಇನ್ನೂ ಇಲ್ಲ ಕಣಜ್ಜಿ, ಇದು, ಆಯ್ತು ಕಣಜ್ಜಿ, ಬುಡು ಮತ್ತೆ ಆ ಕಡೆಗಾಕು. ಎರಡನೇ ಕಾಯಿ ಎತ್ತಿದಳು, ಗುಳುಕ್. ಮೂರನೆಯದು, ಗುಳುಕ್. ಹೋದ ವಾರ ಅವಳೇ ಅಲ್ಲವೇ ಬಂದು ದಾಸ್ತಾನು ನೋಡಿದ್ದು, ನೀವು ಲೋಕಲ್ ಹುಡುಗಿ, ನೀವೇ ಹೋಗ್ಬನ್ನಿ ಅಂತ ಕಳಿಸಿದ್ದರು, ಎರಡು ದಿನದಲ್ಲಿ ಹನ್ನೊಂದು ಅಟ್ಟ, ಕೈಯಲ್ಲಿ ಆಫೀಸಿನ ಪಟ್ಟಿ, ಅದರಲ್ಲಿ ಮೂರೇ ಕಾಲಂ — ಎಷ್ಟು ಕಾಯಿ, ಯಾವ ತಿಂಗಳು ಏರಿಸಿದ್ದು, ಫೋಟೊ. ಕಿವಿಗೆ ಕಾಲಂ ಇರಲಿಲ್ಲ. ತಿಂಗಳನ್ನು ಸೀಮೆಸುಣ್ಣದಲ್ಲಿ ಅಟ್ಟದ ಕಂಬದ ಮೇಲೆ ಬರೆಯುವುದು ಈ ಕಡೆಯ ರೂಢಿ, ಕಾಯಿ ಏರಿಸಿದ ದಿನ ಬರೆದರೆ ಇಳಿಸಿದ ದಿನ ಒರೆಸುತ್ತಾರೆ, ಏಳನೇ ಕಂಬದ ಮೇಲೆ ಶ್ರಾವಣ ಅಂತಿತ್ತು, ಅವಳು ಶ್ರಾವಣ ಅಂತ ಬರೆದುಕೊಂಡಳು, ಏಣಿಗೆ ಕಾಲಿಟ್ಟೂ ಇದ್ದಳು, ಅಷ್ಟರಲ್ಲಿ ಫೋನು — ಜೀವಿತಾ, ಹದಿನಾಲ್ಕನೇ ಸ್ಲೈಡಲ್ಲಿ ಮರ ಯಾಕೆ ಚಿಕ್ಕದಾಗಿದೆ — ಏಣಿಯಿಂದ ಇಳಿದು ಲ್ಯಾಪ್‌ಟಾಪ್ ತೆಗೆದು ಮರ ದೊಡ್ಡದು ಮಾಡಿದಳು, ಕೆಳಗಿನಿಂದಲೇ ಫೋಟೊ ಹೊಡೆದಳು, ಸಹಿ ಹಾಕಿದಳು, ಎಂಟನೇ ಅಟ್ಟಕ್ಕೆ ಹೋದಳು. ಅವತ್ತು ಸಂಜೆ ಮನೆಗೆ ಹೋದಾಗ ಅಜ್ಜಿ ಕಾಫಿ ಕೊಟ್ಟು ಕೇಳಿದ್ದು ಒಂದೇ ಮಾತು, ಅಲ್ಲಾಡ್ಸಿ ನೋಡ್ದೇನೇ. ಅದಕ್ಕೆಲ್ಲ ಒಂದು ಮೆಥಡ್ ಇರುತ್ತೆ ಕಣಜ್ಜಿ, ನಿಂಗೊತ್ತಾಗಲ್ಲ ಸುಮ್ನಿರು ಅಂದಿದ್ದಳು, ಅಂದಿದ್ದಳು ಈ ಬಾಯಲ್ಲೇ, ಅಜ್ಜಿ ಲೋಟ ತೊಳೆಯಲು ಎದ್ದು ಹೋಗಿತ್ತು.

ಸದಾಶಿವಯ್ಯನವರು ಏನೂ ಆಗದವರ ಹಾಗೆ ನಗುತ್ತಿದ್ದಾರೆ, ಹಣೆಯ ಮೇಲೆ ವಿಭೂತಿ, ಬೆಳಿಗ್ಗೆ ಬಂದ ಕೂಡಲೇ ನಮ್ ಬಿಳಿಗೆರೆ ಶಿವರುದ್ರಮ್ನೋರ ಮೊಮ್ಮಗಳು ಕಣ್ರೀ ಅಂತ ಎಲ್ಲರಿಗೂ ತೋರಿಸಿದರು, ತಾವೇ ಎಳನೀರು ಕೆತ್ತಿ ಕೊಟ್ಟರು. ನಡುವೆ ಕೊಬ್ಬರಿಗೆ ರೇಟು ಬಂತು, ಹಳೆಯದು ಇಳಿಸಿ ಮಾರಿ ಹೊಸ ಕಾಯಿ ಏರಿಸಿದ್ದಾರೆ, ಅದರಲ್ಲಿ ತಪ್ಪೇನು, ಯಾರಾದರೂ ಮಾರುತ್ತಾರೆ — ಕಂಬ ಒರೆಸಲಿಲ್ಲ, ಹಸಿಕಾಯಿ ಕೊಬ್ಬರಿಯ ಲೆಕ್ಕಕ್ಕೆ ಸೇರಿತು, ಅದು ತಪ್ಪು, ಮರೆತರೋ, ಮರೆತ ಹಾಗಿದ್ದರೋ. ಪ್ರೊಜೆಕ್ಟರ್ ಹಾಕುವ ಮುಂಚೆ ಮೆಟ್ಟಿಲ ಹತ್ತಿರ ರಂಗನಾಥ್ ಸರ್‌ಗೆ ಹೇಳಿಯೂ ಆಯಿತು, ಸರ್, ಕಾಯಲ್ಲಿ ನೀರಿದೆ, ಹನ್ನೊಂದು ತಿಂಗಳದ್ದಲ್ಲ, ಎರಡೋ ಮೂರೋ ತಿಂಗಳದ್ದು, ಬೇರೆ ಅಟ್ಟಗಳೂ ಹೀಗೇ ಇರಬಹುದು. ಈಗ ಹೇಳ್ತಿದೀರಾ, ಅಂದರು. ದಾಸ್ತಾನು ಸರಿಯಿದೆ ಅಂತ ಸಹಿ ಹಾಕಿರೋದ್ಯಾರು, ಅಂದರು. ಆಮೇಲೆ ದನಿ ಮೆತ್ತಗೆ ಮಾಡಿ, ನೋಡಿ ಜೀವಿತಾ, ಸೋಮವಾರ ನಿಮ್ ಹೆಸರು ಹೇಳ್ಬೇಕು ಅಂತಿದೀನಿ, ಕೊನೇ ಪೇಜಲ್ಲಿ ಸಣ್ಣ ಅಕ್ಷರದಲ್ಲಿ ಒಂದು ನೋಟ್ ಹಾಕೋಣ, ಮೇಡಂ ಒಪ್ಕೊಂಡ್ಮೇಲೆ. ಒಪ್ಕೊಂಡ್ಮೇಲೆ! ಒಂಬತ್ತು ವಾರ ಕೂದಲೆಳೆ ಸರಿಸಲು ಹೇಳಿದ ಡೀಟೇಲ್ಸ್ ಸರ್‌ಗೆ ಕಾಯೊಳಗಿನ ನೀರು ಡೀಟೇಲ್ ಅಲ್ಲ. ಅವರ ಮೇಲೆ ಸಿಟ್ಟು ಬರುತ್ತದೆ, ತನ್ನ ಮೇಲೆ ಅದಕ್ಕಿಂತ ಹೆಚ್ಚು, ಸಹಿ ಅವರದ್ದಲ್ಲವಲ್ಲ, ತನ್ನದು, ನೀಲಿ ಇಂಕಿನಲ್ಲಿ, ಬಾಯಿ ತೆಗೆದರೆ ಮೊದಲು ಬೀಳುವುದು ತಾನೇ, ಕೆಲಸ ಹೋಗುತ್ತದೆ, ಕಾಲೇಜಿನಲ್ಲಿ ಮಾನ ಹೋಗುತ್ತದೆ, ಬಾಯಿ ತೆಗೆಯದಿದ್ದರೆ ಸೋಮವಾರ ಕೆಲಸ, ಅಜ್ಜಿಗೆ ಸೀರೆ, ಊರಿಗೆಲ್ಲ ಫೇಡೆ. ಅಜ್ಜಿ ಫೇಡೆ ತಿನ್ನುತ್ತಾ ಮತ್ತೆ ಅದನ್ನೇ ಕೇಳುತ್ತದೆ.

ಕೊನೆಯ ಸ್ಲೈಡು, ಮತ್ತೆ ಮರ, ಥ್ಯಾಂಕ್ ಯೂ. ಕಾಫಿ ಬಂತು, ಲೋಟ ಇಡುತ್ತಿರುವ ಮಂಜಮ್ಮ ಕೆಳಗೆ ಕಾಯಿ ಸುಲಿಯುವವಳು, ತಟ್ಟೆಯ ಈ ಐದನ್ನೂ ಸುಲಿದವಳು ಅವಳೇ ಇರಬೇಕು, ಅವಳ ಕಣ್ಣು ತಟ್ಟೆಗೆ ಹೋಯಿತು, ಅಲ್ಲಿಂದ ಜೀವಿತಾಳ ಮುಖಕ್ಕೆ, ಅಲ್ಲಿಂದ ನೆಲಕ್ಕೆ, ಹಾಗಾದರೆ ಇವಳಿಗೂ ಗೊತ್ತು, ಇಲ್ಲಿ ಗೊತ್ತಿಲ್ಲದಿರುವುದು ದುಡ್ಡು ಕೊಡುವವರೊಬ್ಬರಿಗೇ. ಒಡೆಯದೆ ಹೇಗೆ ಗೊತ್ತಾಗುತ್ತೆ ಕೊಬ್ಬರಿಯಾಗಿದೆ ಅಂತ, ಕೇಳುತ್ತಿದ್ದಾರೆ ಮೇಡಂ, ಸುಮ್ಮನೆ, ಕುತೂಹಲಕ್ಕೆ, ಸದಾಶಿವಯ್ಯನವರ ನಗು ಒಂದು ಗಳಿಗೆ ನಿಂತಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಶಲ್ಯ ಸರಿಮಾಡಿಕೊಂಡರು, ಹಾಗಾದರೆ ಮರೆತದ್ದಲ್ಲ. ರಂಗನಾಥ್ ಸರ್ ಮಾತ್ರ ನಗುತ್ತಲೇ, ನಮ್ಮ ಜೀವಿತಾ ಇದೇ ಊರ ಕಡೆಯವರು, ಒಂದೊಂದು ಅಟ್ಟನೂ ಖುದ್ದಾಗಿ ಚೆಕ್ ಮಾಡಿದಾರೆ, ಹೇಳಿ ಜೀವಿತಾ, ಶಾರ್ಟ್ ಆಗಿ. ಶಾರ್ಟ್ ಆಗಿ. ಎದ್ದಿದ್ದಾಳೆ, ಕಾಯಿ ಎತ್ತಿಕೊಂಡಿದ್ದಾಳೆ, ಎರಡೂ ಕೈಯಲ್ಲಿ, ತುಂಬಿದ ಕೊಡ ಹಿಡಿದ ಹಾಗೆ, ತುಳುಕದ ಹಾಗೆ, ಮೇಜು ಸುತ್ತಿ ಆರು ಹೆಜ್ಜೆ, ಒಂದೂ ಸದ್ದಿಲ್ಲ, ಹೀಗೇ ಹಿಡಿದು ಬಣ್ಣ ನೋಡಿ ಮೇಡಂ, ತೂಕ ನೋಡಿ ಮೇಡಂ ಅಂದರೆ ಮುಗಿಯಿತು, ಯಾರಿಗೂ ಕೇಳುವುದಿಲ್ಲ, ಸೋಮವಾರ ಇನ್ನು ಮೂರೇ ದಿನ — ಗೋಡೆಯ ಮೇಲೆ ಮರ ವಾಲಿದೆ, ಹೌದು ವಾಲಿದೆ, ಎಡಕ್ಕೆ, ಒಂಬತ್ತು ಸಲ ಸರಿಸಿದರೂ — ಅಲ್ಲಾಡಿಸಿ ನೋಡಿ ಮೇಡಂ, ಯಾರು ಹೇಳಿದ್ದು, ತಾನೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೊಬ್ಬರಿಯಾಗಿದ್ದರೆ ಲೊಡಕ್ ಅನ್ನುತ್ತದೆ. ಜೀವಿತಾ, ಅನ್ನುತ್ತಿದ್ದಾರೆ ರಂಗನಾಥ್ ಸರ್, ಜೀವಿತಾ, ಮೇಡಂ ಕಾಯಿ ತೆಗೆದುಕೊಂಡರು, ಬಳೆ ಮೊಣಕೈಗೆ ಜಾರಿತು, ಕೈ ಕಿವಿಯವರೆಗೆ ಏರಿತು,

ಗುಳುಕ್.